ಗೋಡೆ ಜೇಡದ ಬಾಯಲ್ಲಿ ಹಲ್ಲಿಮರಿ: ಬೇಟೆ ಅಂತ ಖಾತ್ರಿ ಮಾಡೋದು ಹೇಗೆ, ದಾಖಲೆಗೆ ಏನೇನು ಬೇಕು?

ಚಂದ್ರವಳ್ಳಿ577:

ಮೂರು ಫೋಟೊ ಹಾಕಿದ್ದೇನೆ. ಜಾಗ ಚಿತ್ರದುರ್ಗ, ಜೋಗಿಮಟ್ಟಿ ಕಡೆಯ ಒಂದು ತೋಟದ ಪಂಪ್‌ಸೆಟ್ ಮನೆ. ಸೈಜುಗಲ್ಲಿನ ಗೋಡೆ, ಮೇಲೆ ಸುಣ್ಣ. ರಾತ್ರಿ 9 ದಾಟಿತ್ತು. ಜೇಡ ಕಂದು ಬಣ್ಣ, ಕಾಲೂ ಸೇರಿ ಅಂಗೈ ಅಗಲ, ಗೋಡೆಗೆ ಅಂಟಿದಷ್ಟು ಚಪ್ಪಟೆ. ಸುತ್ತಮುತ್ತ ಬಲೆ ಇಲ್ಲ. ಬಾಯಲ್ಲಿರೋದು ಹಲ್ಲಿಮರಿ, ಕತ್ತಿನ ಹತ್ತಿರ ಕಚ್ಚಿ ಹಿಡಿದಿದೆ. ಮರಿಯ ಬಾಲ ಪೂರ್ತಿ ಇದೆ. ಹಿಡಿದ ಗಳಿಗೆ ಯಾರೂ ನೋಡಿಲ್ಲ, ಕಣ್ಣಿಗೆ ಬಿದ್ದಾಗಲೇ ಬಾಯಲ್ಲಿತ್ತು.

ಇದು ಯಾವ ಜೇಡ? ಜೀವಂತ ಹಲ್ಲಿಯನ್ನೇ ಹಿಡಿಯಿತೋ, ಬಿದ್ದು ಸತ್ತದ್ದನ್ನು ಎತ್ತಿಕೊಂಡಿತೋ ಅಂತ ಫೋಟೊ ನೋಡಿ ಹೇಳೋಕೆ ಆಗುತ್ತಾ? ಮುಂದೆ ಇಂಥದ್ದು ಕಂಡರೆ ಯಾರಾದರೂ ಸಂಶೋಧಕರಿಗೆ ಉಪಯೋಗಕ್ಕೆ ಬರೋ ಹಾಗೆ ಹೇಗೆ ದಾಖಲೆ ಮಾಡಬೇಕು? "ಅಯ್ಯೋ ಪಾಪ, ಬಿಡಿಸಬೇಕಿತ್ತು" ಅನ್ನೋ ಉತ್ತರ ಬಿಟ್ಟು ಬೇರೆ ಏನಿದ್ದರೂ ಹೇಳಿ.

ಎಂಟ್‌ಗಣ್ಣು:

ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ. ಕಣ್ಣುಗಳ ಕೆಳಗೆ, ಮುಖಕ್ಕೆ ಅಡ್ಡವಾಗಿ ಕೆನೆಬಣ್ಣದ ಪಟ್ಟಿ ಇದೆ. ಚಪ್ಪಟೆ ಮೈ, ಪಕ್ಕಕ್ಕೆ ಹೊರಳಿದ ಕಾಲುಗಳು, ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ ಕಣ್ಣು. ಹೆಟೆರೊಪೋಡಾ ವೆನಟೋರಿಯಾ, ಹಂಟ್ಸ್‌ಮನ್ ಕುಟುಂಬದ್ದು. ಪ್ರಪಂಚದ ಉಷ್ಣವಲಯದಲ್ಲೆಲ್ಲ ಮನೆ, ಗೋದಾಮು, ಹಡಗು ಹಿಡಿದು ಹರಡಿರುವ ಜೇಡ. ಹೆಣ್ಣಿನ ಮೈ 2ರಿಂದ 2.5 ಸೆಂ.ಮೀ., ಕಾಲು ಚಾಚಿದರೆ 7ರಿಂದ 12 ಸೆಂ.ಮೀ. ಗಂಡು ಸಣಕಲು, ಕಾಲು ಇನ್ನೂ ಉದ್ದ. ಎದೆಯಡಿಯಲ್ಲಿ ಬಿಳಿ ಚಪ್ಪಟೆ ಬಿಲ್ಲೆ ಹೊತ್ತು ಓಡಾಡ್ತಿದ್ದರೆ ಅದು ಮೊಟ್ಟೆಚೀಲ, ಅಂಥದ್ದು ಹೆಣ್ಣು.

ಇದು ಬಲೆ ಹಾಕೋದಿಲ್ಲ. ಗೋಡೆಯ ನಡುಕ ಕಾಲಿಗೆ ತಾಗಿದ ಕೂಡಲೇ ಹಾರಿ, ಮುಂಗಾಲಲ್ಲಿ ಬಾಚಿ, ಕಚ್ಚುತ್ತೆ. ಅದರ ದಿನದ ಊಟ ಜಿರಲೆ, ಮಿಡತೆ. ಹಲ್ಲಿಮರಿ ಅದರ ಲೆಕ್ಕದಲ್ಲಿ ಒಂದು ದೊಡ್ಡ ಜಿರಲೆ ಅಷ್ಟೇ. ಆಗತಾನೆ ಮೊಟ್ಟೆಯೊಡೆದ ಮನೆಹಲ್ಲಿ ಮೂತಿಯಿಂದ ಗುದದ್ವಾರದವರೆಗೆ ಎರಡು, ಎರಡೂವರೆ ಸೆಂ.ಮೀ. ಇರುತ್ತೆ, ತೂಕ ಒಂದು ಗ್ರಾಮೂ ಇರಲ್ಲ. ಮೈ ಉದ್ದದಲ್ಲಿ ಇಬ್ಬರೂ ಸಮ, ವಿಷ ಇರೋದು ಒಬ್ಬರ ಹತ್ತಿರ. ಬೆಳೆದ ಹಲ್ಲಿ ಎದುರಾದರೆ ಲೆಕ್ಕ ತಿರುಗಿಬೀಳುತ್ತೆ, ಅರೆಬೆಳೆದ ಹಂಟ್ಸ್‌ಮನ್ ಅದರ ಹೊಟ್ಟೆಗೇ ಹೋಗುತ್ತೆ. ಒಂದೇ ಗೋಡೆಯಲ್ಲಿ ಯಾರು ಯಾರನ್ನು ತಿಂತಾರೆ ಅನ್ನೋದನ್ನು ಆ ಹೊತ್ತಿನ ಗಾತ್ರ ತೀರ್ಮಾನ ಮಾಡುತ್ತೆ.

ಇನ್ನು ಸತ್ತದ್ದೋ ಬದುಕಿದ್ದೋ ಅನ್ನೋದು. ಜೇಡಗಳು ಸತ್ತ ಹುಳವನ್ನೂ ಕೆಲವೊಮ್ಮೆ ತಿನ್ನೋದರಿಂದ ಈ ಪ್ರಶ್ನೆ ಕೇಳಲೇಬೇಕು. ಹಳೇ ಹೆಣವಾದರೆ ಹೊಟ್ಟೆ ಒಳಗೆ ಕುಸಿದಿರುತ್ತೆ, ಬೆನ್ನುಮೂಳೆ ಏಣು ಎದ್ದು ಕಾಣುತ್ತೆ, ಬೆರಳು ಮುದುಡಿರುತ್ತೆ, ಕಣ್ಣು ಗುಳಿ ಬಿದ್ದಿರುತ್ತೆ, ಸಾಮಾನ್ಯವಾಗಿ ಇರುವೆಯೂ ಮುತ್ತಿರುತ್ತೆ. ನಿಮ್ಮ ಫೋಟೊದಲ್ಲಿ ಕಣ್ಣು ಉಬ್ಬಿ ಹೊಳೀತಿದೆ, ಕಾಲು ಜೋಲು ಬಿದ್ದಿವೆ, ಚರ್ಮ ಸುಕ್ಕಿಲ್ಲ. ಹೊಸ ಮಾಲು.

ಬಾಲ ಪೂರ್ತಿ ಇರೋದರಿಂದ ಏನೂ ಸಾಬೀತಾಗಲ್ಲ. ಬಾಲ ತಾನಾಗಿ ಕಳಚೋದಿಲ್ಲ, ಹಲ್ಲಿಯೇ ಸ್ನಾಯು ಬಿಗಿದು ಮುರಿಯಬೇಕು. ಕತ್ತಿಗೇ ಬಾಯಿ ಬಿದ್ದು ವಿಷ ಏರಿದರೆ ಅದಕ್ಕೆ ಪುರುಸೊತ್ತು ಸಿಗಲ್ಲ. ಅದೇ ಬಾಲ ಕಳಚಿ, ಬುಡದಲ್ಲಿ ಹಸಿ ಕೆಂಪು ಕಂಡರೆ, ಕೆಳಗೆ ನೆಲದಲ್ಲಿ ಬಾಲ ಸಿಕ್ಕರೆ, ಹಿಡಿದಾಗ ಜೀವ ಇತ್ತು ಅನ್ನೋದಕ್ಕೆ ಅದು ಗಟ್ಟಿ ಸಾಕ್ಷಿ. ಹಾಗಾಗಿ ನೆಲಕ್ಕೂ ಒಂದು ಸಲ ಟಾರ್ಚ್ ಬಿಡಿ.

ನಿಮ್ಮ ದಾಖಲೆಯಲ್ಲಿ ಮಾತ್ರ "ತಿನ್ನುತ್ತಿತ್ತು" ಅಂತಲೇ ಬರೆಯಿರಿ. "ಬೇಟೆಯಾಡಿತು" ಅಂತ ಬರೆಯೋಕೆ ಹಿಡಿದ ಗಳಿಗೆಯೋ, ಒದ್ದಾಟವೋ ಕಂಡಿರಬೇಕು.

ಬಾತಿಗುಡ್ಡ:

ಅಂಗೈ ಅಗಲ ಐತಿ ಅಂತೀರಿ, ಮೈಮ್ಯಾಲೆ ಕೂದಲೂ ಕಾಣ್ತಾವು. ಹುಲಿ ಜೇಡ ಅಂತಾರಲ್ರಿ, ಟರಂಟುಲಾ, ಅದಲ್ಲೇನು? ದಾವಣಗೆರೆ ಕಡೆ ತೋಟದಾಗ ಇಂಥದ್ದು ಕಂಡ್ರೆ ಎಲ್ರೂ ಅದನ್ನೇ ಹೇಳ್ತಾರ.

ಎಂಟ್‌ಗಣ್ಣು:

ಅಲ್ಲ ಸರ್. ಗಾತ್ರ ನೋಡಿ ಹೇಳಿದರೆ ಯಾವಾಗಲೂ ಎಡವಟ್ಟಾಗುತ್ತೆ, ವಿಷದ ಹಲ್ಲು ನೋಡಿ. ಟರಂಟುಲಾ ಗುಂಪಿನಲ್ಲಿ ಎರಡೂ ಹಲ್ಲು ಒಂದಕ್ಕೊಂದು ಸಮಾನಾಂತರವಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಹಂಟ್ಸ್‌ಮನ್, ತೋಳ ಜೇಡ, ಮೂಲೆಬಲೆ ಜೇಡ ಇವಕ್ಕೆಲ್ಲ ಹಲ್ಲು ಎರಡು ಪಕ್ಕದಿಂದ ಇಕ್ಕಳದಂತೆ ಕೂಡುತ್ತವೆ. ಟರಂಟುಲಾ ಮೈ ದಪ್ಪ, ಕಾಲು ಗಿಡ್ಡ ದಪ್ಪ, ಕಣ್ಣುಗಳೆಲ್ಲ ತಲೆಯ ಮೇಲೆ ಒಂದೇ ಉಬ್ಬಿನಲ್ಲಿ ಒತ್ತಾಗಿರುತ್ತವೆ.

ನೀವು ಹೇಳೋ ಹುಲಿ ಜೇಡ ಪೋಯಿಸಿಲೊಥೀರಿಯಾ. ಭಾರತ, ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ವಾಸ ಮರದ ಪೊಟರೆ, ತೊಗಟೆಯ ಸಂದಿ. ಬೆದರಿದಾಗ ಮುಂಗಾಲು ಎತ್ತುತ್ತೆ, ಆಗ ಕಾಲಿನ ಕೆಳಬದಿಯ ಪಟ್ಟೆಗಳು ಕಾಣುತ್ತವೆ. ನೀಲಿ ಜಾತಿ ಪೋ. ಮೆಟಾಲಿಕಾ ನಮಗೆ ದೂರವೇನಲ್ಲ, ಆಂಧ್ರದ ಗುತ್ತಿಯಲ್ಲಿ ಸಿಕ್ಕಿ 1899ರಲ್ಲಿ ಹೆಸರು ಪಡೆದದ್ದು. ಈಗ ಉಳಿದಿರೋ ಕಾಡು ನಂದ್ಯಾಲ, ಗಿದ್ದಲೂರು ನಡುವೆ. ಸಾಕೋರಿಗೆ ಮಾರುವ ದಂಧೆಯಿಂದಾಗಿ ಈ ಇಡೀ ಕುಲವನ್ನು 2019ರಲ್ಲಿ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. ಅಂಥದ್ದು ಕಂಡರೆ ಫೋಟೊ ತೆಗೀರಿ, ಮರದ ಗುರುತು ಮಾತ್ರ ಬಹಿರಂಗ ಮಾಡಬೇಡಿ.

ಕಲ್ಲುಹಲ್ಲಿ:

ಎಲ್ಲರೂ ಜೇಡದ ಹೆಸರಿಗೆ ಬೀಳ್ತಾರೆ, ಹಲ್ಲಿಯನ್ನು "ಹಲ್ಲಿ" ಅಂತ ಬರೆದು ಕೈತೊಳೆದುಕೊಳ್ತಾರೆ. ದಾಖಲೆಗೆ ಎರಡೂ ಬೇಕು. ಪಾದದ ಅಡಿ ಕಾಣೋ ಹಾಗೆ ಒಂದು ಫೋಟೊ ಇರಲಿ. ಬೆರಳಡಿಯ ಪಟ್ಟಿಗಳು ನಡುವೆ ಸೀಳಿ ಜೋಡಿ ಜೋಡಿಯಾಗಿದ್ದರೆ ಹೆಮಿಡ್ಯಾಕ್ಟಿಲಸ್, ನಮ್ಮ ಮನೆಹಲ್ಲಿ, ಬಂಡೆಹಲ್ಲಿಗಳೆಲ್ಲ ಆ ಕುಲ. ಪಟ್ಟಿಯೇ ಅಗಲವಾಗಿಲ್ಲ, ಉಗುರು ಮಾತ್ರ, ಕಣ್ಣಪಾಪೆ ದುಂಡಗೆ ಅಂದರೆ ನೆಮಾಸ್ಪಿಸ್. ಅದು ಬೆಳೆದರೂ ಪುಟ್ಟದೇ. ಬಂಡೆ ಸಂದಿಯಲ್ಲಿ, ಹಳೇ ಗೋಡೆಯಲ್ಲಿ ಹಗಲೇ ಓಡಾಡುತ್ತೆ, ಹಾಗಾಗಿ ದೊಡ್ಡದಾದ ಮೇಲೂ ಜೇಡದ ಅಳತೆಗೆ ಸಿಗುತ್ತೆ. ಮೈ ನುಣುಪು, ಕಣ್ಣಿಗೆ ರೆಪ್ಪೆ ಇದೆ ಅಂದರೆ ಹಾವುರಾಣಿ. ಅದರಲ್ಲೂ ಬಾಲ ಕೆಂಪಗಿರೋ ಸಪೂರ ಮರಿಯನ್ನು ಹಾವಿನ ಮರಿ ಅಂತ ಬರೆದಿರೋ ಪೋಸ್ಟ್‌ಗಳು ಸಾಕಷ್ಟಿವೆ, ಅದು ಚುಕ್ಕೆ ಹಾವುರಾಣಿಯ ಮರಿ.

ಅಳತೆ ವಿಷಯ. ಹಲ್ಲಿಗೆ ಮೂತಿಯಿಂದ ಗುದದ್ವಾರದವರೆಗೆ, ಬಾಲ ಬೇರೆ. ಬಾಲ ಮುರಿದು ಮತ್ತೆ ಬೆಳೆದಿರಬಹುದು, ಅದನ್ನು ಸೇರಿಸಿದರೆ ಎರಡು ಹಲ್ಲಿ ಹೋಲಿಸೋಕೇ ಬರಲ್ಲ. ಜೇಡಕ್ಕೆ ತಲೆಯ ಮುಂತುದಿಯಿಂದ ಹೊಟ್ಟೆಯ ತುದಿವರೆಗೆ, ಕಾಲಿನ ಹರವು ಬೇರೆ ಬರೆಯಿರಿ.

ನಾಣ್ಯ ಇಟ್ಟು ಫೋಟೊ ತೆಗೆಯೋರು ಎರಡು ಕಡೆ ಎಡವುತ್ತಾರೆ. ಒಂದು ರೂಪಾಯಿ ನಾಣ್ಯ 2011ರ ಸರಣಿಯದ್ದು 22 ಮಿ.ಮೀ., 2019ರ ಸರಣಿಯದ್ದು 20 ಮಿ.ಮೀ. ಬರೀ "ಒಂದು ರೂಪಾಯಿ" ಅಂದರೆ ಅಳತೆ ಶೇ. 10ರಷ್ಟು ಅತ್ತಿತ್ತ. ಅದಕ್ಕಿಂತ ದೊಡ್ಡ ತೊಂದರೆ ನಾಣ್ಯವನ್ನು ಕೈಯಲ್ಲಿ ಗೋಡೆಯಿಂದ ದೂರ ಹಿಡಿಯೋದು. ಮೊಬೈಲ್‌ನಿಂದ ನಾಣ್ಯ 15 ಸೆಂ.ಮೀ., ಜೇಡ 18 ಸೆಂ.ಮೀ. ದೂರದಲ್ಲಿದ್ದರೆ 24 ಮಿ.ಮೀ. ಹಲ್ಲಿ ಲೆಕ್ಕದಲ್ಲಿ 20 ಬರುತ್ತೆ. ಇದಕ್ಕೆ ಸುಲಭ ದಾರಿ, ಜೇಡದ ಹತ್ತಿರ ಏನನ್ನೂ ಒಯ್ಯದೆ ಗೋಡೆಯನ್ನೇ ಅಳತೆಗೋಲು ಮಾಡಿಕೊಳ್ಳೋದು. ಕಲ್ಲಿನ ಎರಡು ಸಂದಿ, ಸುಣ್ಣದ ಚಕ್ಕೆ ಎದ್ದ ಜಾಗ, ಮೊಳೆ, ಹೀಗೆ ಅಲುಗಾಡದ ಎರಡು ಗುರುತು ಅದೇ ಫೋಟೊದಲ್ಲಿ ಬರಲಿ. ಜೇಡ ಹೋದ ಮೇಲೆ ಸ್ಕೇಲಿನಲ್ಲಿ ಆ ಎರಡು ಗುರುತಿನ ನಡುವಿನ ದೂರ ಅಳೆದರೆ ಆಯ್ತು. ಮೊಬೈಲ್ ಗೋಡೆಗೆ ನೇರ ಎದುರಿಗಿರಲಿ, ಓರೆ ಬೇಡ. ಜೇಡ ಚೌಕಟ್ಟಿನ ನಡುವೆ ಬರಲಿ, ಅಂಚಿನಲ್ಲಿ ಲೆನ್ಸ್ ಎಳೆದು ತೋರಿಸುತ್ತೆ. ಮೂಗಿಗೆ ತಾಗೋ ಹಾಗೆ ಹೋಗೋ ಬದಲು ಒಂದು ಹೆಜ್ಜೆ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡೋದು ಉತ್ತಮ.

ಚಂದ್ರವಳ್ಳಿ577:

ಗೋಡೆ ಗುರುತಿನ ಉಪಾಯ ಚೆನ್ನಾಗಿದೆ, ಅದೇ ಫೋಟೊದಲ್ಲಿ ಕಲ್ಲಿನ ಸಂದಿ ಇದೆ, ಅಳೆದು ಹಾಕ್ತೀನಿ. ಅದೇ ಪಂಪ್‌ಸೆಟ್ ಮನೆಯಲ್ಲಿ ಇನ್ನೊಂದು ಇದೆ, ನಾಲ್ಕನೇ ಫೋಟೊ. ಸ್ಟಾರ್ಟರ್ ಡಬ್ಬದ ಅಡಿ ಮೂಲೆಯಲ್ಲಿ ಕೆದರಿದ ನೂಲಿನಂಥ ಬಲೆ, ನೆಲದಿಂದ ಒಂದು ಗೇಣು ಮೇಲೆ ಹಾವುರಾಣಿ ಮರಿ ಒಣಗಿ ನೇತಾಡ್ತಿದೆ. ಜೇಡ ಕಡಲೆಕಾಳಿನಷ್ಟು ಕೂಡ ಇಲ್ಲ. ಅಷ್ಟು ಚಿಕ್ಕದು ಅದನ್ನು ಮೇಲಕ್ಕೆ ಎತ್ತಿತು ಅಂದರೆ ನಂಬೋ ಮಾತಾ?

ಮೂಲೆಬಲೆ:

ನಂಬಬಹುದು. ಗೋಡೆ ಜೇಡದ್ದು ತೋಳ್ಬಲ, ಇದರದ್ದು ಪೂರ್ತಿ ನೂಲಿನ ಕೆಲಸ. ಇದು ಮೂಲೆಬಲೆ ಜೇಡಗಳ ಥೆರಿಡಿಡೀ ಕುಟುಂಬ. ಬಲೆ ನೋಡೋಕೆ ಗೋಜಲು, ಆದರೆ ಕೆಳಗಡೆ ಗಮನಿಸಿ: ಮೇಲಿನ ಗೋಜಲಿನಿಂದ ನೆಲಕ್ಕೆ ನೆಟ್ಟಗೆ ಬಿಗಿದು ಕಟ್ಟಿದ ಎಳೆಗಳಿವೆ. ನೆಲ ಮುಟ್ಟುವ ತುದಿಯಷ್ಟಕ್ಕೆ ಅಂಟಿನ ಹನಿಗಳು, ಟಾರ್ಚ್ ಓರೆ ಹಿಡಿದರೆ ಮಣಿ ಪೋಣಿಸಿದ್ದು ಕಾಣುತ್ತೆ. ನೆಲಕ್ಕೆ ಕಟ್ಟಿದ ಗಂಟು ಬೇಕಂತಲೇ ದುರ್ಬಲ. ಓಡಿಬಂದ ಹುಳವೋ ಹಾವುರಾಣಿಯೋ ತುದಿಗೆ ತಾಗಿ ಅಂಟಿಕೊಂಡು ಜಗ್ಗಿದರೆ ಗಂಟು ಕಿತ್ತು, ಬಿಗಿದ ಎಳೆ ಮೇಲಕ್ಕೆ ಸೆಳೆಯುತ್ತೆ. ಕಾಲು ನೆಲ ಬಿಟ್ಟರೆ ತಳ್ಳೋಕೆ ಆಧಾರ ಇಲ್ಲ, ಒದ್ದಾಡಿದಷ್ಟೂ ಪಕ್ಕದ ಎಳೆಗಳೂ ಅಂಟಿಕೊಳ್ತವೆ.

ಆಮೇಲೆ ಜೇಡ ಇಳಿದು ಬರುತ್ತೆ. ತಕ್ಷಣ ಕಚ್ಚೋದಿಲ್ಲ. ಬೆನ್ನು ತಿರುಗಿಸಿ ಹಿಂಗಾಲಿನಿಂದ ಅಂಟು ನೂಲು ಎಸೆಯುತ್ತೆ, ನಾಲ್ಕನೇ ಜೋಡಿ ಕಾಲಿನಲ್ಲಿ ಅದಕ್ಕೆಂದೇ ಬಾಚಣಿಗೆಯಂಥ ಬಿರುಗೂದಲಿನ ಸಾಲು ಇದೆ. ಕೈಕಾಲು ಕಟ್ಟಿದ ಮೇಲೆ ಸಣ್ಣ ಸಣ್ಣ ಕಡಿತ. ಮೇಲಕ್ಕೆತ್ತೋದು ಒಂದೇ ಏಟಿಗಲ್ಲ: ಹೊಸ ಎಳೆ ಮೇಲಿನಿಂದ ಬಿಗಿದು ಕಟ್ಟಿ, ಹಳೇದು ಕತ್ತರಿಸಿ, ಮತ್ತೆ ಹೊಸದು. ಗಂಟೆಗಟ್ಟಲೆ ಹಿಡಿಯೋ ಕೆಲಸ.

ಈ ಕುಟುಂಬದಲ್ಲೇ ವಿಡೋ ಜೇಡಗಳೂ ಇವೆ, ಲ್ಯಾಟ್ರೊಡೆಕ್ಟಸ್ ಕುಲ, ಭಾರತದಲ್ಲೂ ಇದೆ. ಅವುಗಳ ವಿಷದಲ್ಲಿರುವ ಆಲ್ಫಾ ಲ್ಯಾಟ್ರೊಟಾಕ್ಸಿನ್ ಬೆನ್ನೆಲುಬಿರುವ ಪ್ರಾಣಿಗಳ ನರದ ತುದಿಗೇ ನೆಟ್ಟು, ಅಲ್ಲಿರುವ ರಾಸಾಯನಿಕವನ್ನೆಲ್ಲ ಒಮ್ಮೆಲೇ ಸುರಿಸಿಬಿಡುತ್ತೆ. ಒಂದು ಸೆಂ.ಮೀ. ಜೇಡ ಹಾವಿನ ಮರಿಯನ್ನು ಬೀಳಿಸೋದು ಅದರಿಂದಲೇ. ನಿಮ್ಮ ಫೋಟೊ ಮಬ್ಬಾಗಿದೆ, ನನಗೆ ಹೊಟ್ಟೆಯ ಅಡಿ ಕಾಣ್ತಿಲ್ಲ. ಕಪ್ಪು, ದುಂಡು ಹೊಟ್ಟೆ, ಅಡಿಯಲ್ಲಿ ಕೆಂಪು ಗುರುತು ಇದ್ದರೆ ವಿಡೋ. ಕಂದು ಬೂದು ಮಚ್ಚೆ ಇದ್ದರೆ ಹೆಚ್ಚಾಗಿ ಮಾಮೂಲಿ ಮನೆ ಜೇಡ ಪ್ಯಾರಾಸ್ಟಿಯಟೋಡಾ. ಎರಡೂ ತಲೆಕೆಳಗಾಗಿ ನೇತಾಡೋದರಿಂದ ಕೆಳಗಿನಿಂದಲ್ಲ, ಪಕ್ಕದಿಂದ ಸ್ವಲ್ಪ ಮೇಲಕ್ಕೆ ನಿಂತು ಫೋಟೊ ತೆಗೆದರೆ ಹೊಟ್ಟೆಯಡಿ ಸಿಗುತ್ತೆ. ಮೇನ್ ಸ್ವಿಚ್ ಆಫ್ ಮಾಡದೆ ಸ್ಟಾರ್ಟರ್ ಹತ್ತಿರ ಮೊಬೈಲ್ ತೂರಿಸಬೇಡಿ, ಅಲ್ಲಿ ಜೇಡಕ್ಕಿಂತ ಕರೆಂಟ್ ಅಪಾಯ.

ಬಾತಿಗುಡ್ಡ:

ಅಕಸ್ಮಾತ್ ಕಚ್ಚಿದ್ರೆ? ಹಳ್ಳ್ಯಾಗ ಜೇಡ ಹರಿದಾಡಿದ್ರೂ ಗುಳ್ಳೆ ಏಳ್ತಾವು ಅಂತಾರ.

ಮೂಲೆಬಲೆ:

ಮೈಮೇಲೆ ಹರಿದಾಡಿದ್ದಕ್ಕೆ ಗುಳ್ಳೆ ಏಳಲ್ಲ ಅಣ್ಣ. ಹಾಗೆ ಏಳೋ ಗೆರೆಗೆರೆ ಗುಳ್ಳೆ ಎಷ್ಟೋ ಸಲ ಲೈಟಿಗೆ ಬರುವ ಪೆಡೆರಸ್ ಹುಳ ಮೈಮೇಲೆ ಜಜ್ಜಿದ್ದರಿಂದಲೋ, ಸರ್ಪಸುತ್ತಿನಿಂದಲೋ ಬಂದದ್ದು. ಹಂಟ್ಸ್‌ಮನ್ ಕಚ್ಚಿದರೆ ಆ ಜಾಗದಲ್ಲಿ ನೋವು, ಊತ. ಸೋಪು ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಕು. ವಿಡೋ ಅನುಮಾನ ಇದ್ದು ನೋವು ಮೇಲಕ್ಕೆ ಹರಡಿದರೆ, ಬೆವರು, ಹೊಟ್ಟೆ ಬೆನ್ನು ಸೆಟೆತ ಬಂದರೆ, ಅದರಲ್ಲೂ ಮಕ್ಕಳಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕೊಯ್ಯೋದು, ಹಗ್ಗ ಬಿಗಿಯೋದು ಬೇಡ. ಹಾವಿನ ಇಂಜೆಕ್ಷನ್ ಕೊಡಿ ಅಂತ ಹಟ ಹಿಡಿಯೋದೂ ಬೇಡ. ಅದು ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು, ಜೇಡಕ್ಕೆ ಕೆಲಸ ಮಾಡಲ್ಲ.

ಓದುಗೂಡು:

"ಅಪರೂಪ, ಎಲ್ಲೂ ಕಂಡಿಲ್ಲ" ಅಂತ ಶೀರ್ಷಿಕೆ ಕೊಡೋ ಮುಂಚೆ ಸ್ವಲ್ಪ ಹಿನ್ನೆಲೆ. ಜೇಡಗಳು ಹಾವು ತಿಂದ ಪ್ರಸಂಗಗಳನ್ನೇ ಕೂಡಿಹಾಕಿ 2021ರಲ್ಲಿ ಜರ್ನಲ್ ಆಫ್ ಅರಾಕ್ನಾಲಜಿಯಲ್ಲಿ ಒಂದು ಸಮೀಕ್ಷೆ ಬಂತು, 319 ಪ್ರಸಂಗ. ಅರ್ಧದಷ್ಟು ಮೂಲೆಬಲೆ ಜೇಡಗಳ (ಥೆರಿಡಿಡೀ) ಕೆಲಸ, ಹಾವುಗಳ ಸರಾಸರಿ ಉದ್ದ ಒಂದಡಿಗೂ ಕಡಿಮೆ. ಶೇ. 80ರಷ್ಟು ವರದಿ ಅಮೆರಿಕ, ಆಸ್ಟ್ರೇಲಿಯಾ ಎರಡೇ ದೇಶದ್ದು. ನಮ್ಮ ಜೇಡಗಳು ಸಸ್ಯಾಹಾರಿ ಅಂತ ಅದರರ್ಥ ಅಲ್ಲ. ಅಲ್ಲಿ ಗ್ಯಾರೇಜಿನಲ್ಲಿ ಕಂಡದ್ದನ್ನೂ ಬರೆದಿಡ್ತಾರೆ, ಇಲ್ಲಿ ಕಡ್ಡಿಪೊರಕೆಯಲ್ಲಿ ಗುಡಿಸ್ತೀವಿ.

ಉಷ್ಣವಲಯದ ಕಾಡಿನಿಂದ ಬಂದ ವರದಿಗಳಲ್ಲಿ ಪೆರುವಿನದು ಹೆಚ್ಚು ಜನ ನೋಡಿದ್ದು, 2019ರಲ್ಲಿ ಪ್ರಕಟವಾಯ್ತು: ರಾತ್ರಿ ಸರ್ವೆಯಲ್ಲಿ ಕಪ್ಪೆ, ಹಲ್ಲಿ ತಿನ್ನುವ ಜೇಡಗಳ ಜೊತೆಗೆ ದೊಡ್ಡ ಟರಂಟುಲಾ ಒಂದು ಒಪೊಸಮ್ (ಇಲಿಯಂತೆ ಕಾಣುವ ಸಸ್ತನಿ) ಮರಿಯನ್ನು ಎಳೆದೊಯ್ಯೋದೂ ಸಿಕ್ಕಿತು. ಈ ಥ್ರೆಡ್ಡಿಗೆ ಹೆಚ್ಚು ಹತ್ತಿರದ್ದು ಮಡಗಾಸ್ಕರ್. ಅಲ್ಲಿ ಹಂಟ್ಸ್‌ಮನ್ ಕುಟುಂಬದ ಡಮಾಸ್ಟೆಸ್ ಅನ್ನೋ ಜೇಡ ಎರಡು ಎಲೆಯನ್ನು ನೂಲಿನಿಂದ ಹೊಲಿದು ಗೂಡು ಮಾಡಿ, ಒಳಗೆ ಕಪ್ಪೆ ತಿನ್ನುತ್ತಿತ್ತು. ನೆರಳಿಗೆ ಅಂತ ಕಪ್ಪೆ ತಾನೇ ಒಳಗೆ ಬರುತ್ತೆ ಅನ್ನೋದು ಬರೆದವರ ಊಹೆ. ಫ್ಲೋರಿಡಾದ ಫಿಡಿಪ್ಪಸ್ ರೀಗಿಯಸ್ ಅನ್ನೋ ಜಿಗಿಯುವ ಜೇಡ ಅನೋಲ್ ಹಲ್ಲಿಗಳನ್ನು ಹಿಡಿದ ದಾಖಲೆಯೂ 2017ರಲ್ಲಿ ಬಂದಿದೆ. ಇವುಗಳಲ್ಲಿ ಸಾಕಷ್ಟು ಮಾಹಿತಿ ಬಂದದ್ದು ಮನೆಯಂಗಳದಲ್ಲಿ ಫೋಟೊ ತೆಗೆದ ಸಾಮಾನ್ಯ ಜನರಿಂದ. ಪಂಪ್‌ಸೆಟ್ ಮನೆ ಕೀಳೇನಲ್ಲ.

ಕಲ್ಲುಹಲ್ಲಿ:

ಒಂದು ಮಾತಿಗೆ ತಕರಾರು ಇದೆ. ಮೇಲೆ ಟಾರ್ಚ್ ಬಿಡಿ ಅಂದಿದ್ದಾರೆ. ಬಿಳಿ ಟಾರ್ಚ್ ನೇರ ಮುಖಕ್ಕೆ ಬಿಟ್ಟರೆ ಹಂಟ್ಸ್‌ಮನ್ ಹಲ್ಲಿ ಬಿಟ್ಟು ಸಂದಿ ಸೇರೋದೇ ಹೆಚ್ಚು. ಆಗ ನಿಮ್ಮ ದಾಖಲೆಯೂ ಹೋಯ್ತು, ಅದರ ಊಟವೂ ಹೋಯ್ತು. ಮೊದಲ ಫೋಟೊ ದೂರದಿಂದ, ಒಂದು ಮೀಟರ್ ಹತ್ತಿರ ಹೋಗದೆ. ಆಮೇಲೆ ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಎರಡು ಮಡಿಕೆ ಸುತ್ತಿ ಪಕ್ಕದಿಂದ ಹಿಡಿದು ವಿಡಿಯೊ. ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ಕಾಣಲ್ಲ. 30 ಸೆಕೆಂಡಿನ ವಿಡಿಯೊದಲ್ಲಿ ಹಲ್ಲಿಯ ಗಂಟಲು ಮಿಡಿತ, ಬೆರಳಿನ ಅಲುಗಾಟ ಸಿಕ್ಕರೆ ಬೇಟೆ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. ಫ್ಲ್ಯಾಶ್ ಫೋಟೊ ಎಲ್ಲ ಮುಗಿದ ಮೇಲೆ ಕೊನೆಯದಾಗಿ.

ಎಂಟ್‌ಗಣ್ಣು:

ಒಪ್ಪಿದೆ, ನಾನು ಹೇಳಿದ್ದು ನೆಲಕ್ಕೆ ಬಿಡೋ ಟಾರ್ಚ್, ಜೇಡದ ಮುಖಕ್ಕಲ್ಲ. ವಿಡಿಯೊ ಐದೈದು ನಿಮಿಷಕ್ಕೊಂದು ತುಣುಕು ಸಾಕು. ಜೇಡಕ್ಕೆ ಗಟ್ಟಿ ತುಂಡು ನುಂಗೋಕೆ ಆಗಲ್ಲ. ಜೀರ್ಣರಸ ಕಕ್ಕಿ, ದವಡೆಯಲ್ಲಿ ಹಿಸುಕಿ, ಕರಗಿದ ರಸ ಹೀರುತ್ತೆ. ಹಲ್ಲಿಮರಿ ಮುಗಿಸೋಕೆ ಹಲವು ಗಂಟೆ. ಬೆಳಿಗ್ಗೆ ಗೋಡೆ ಬುಡದಲ್ಲಿ ಬಟಾಣಿಯಷ್ಟು ಕಪ್ಪು ಉಂಡೆ ಬಿದ್ದಿರುತ್ತೆ, ಅದರಲ್ಲಿ ಚರ್ಮ, ಮೂಳೆ ಎಲ್ಲ ಕಲಸಿರುತ್ತೆ. ಗ್ರಾಫ್ ಹಾಳೆಯ ಮೇಲಿಟ್ಟು 10 ಪಟ್ಟು ಕೈಮಸೂರದಲ್ಲಿ ನೋಡಿ, ಪುಟಾಣಿ ದವಡೆಯೋ ಬೆರಳೋ ಸಿಕ್ಕರೆ ಫೋಟೊ ತೆಗೆದು ಅಲ್ಲೇ ಬಿಡಿ. ಮೂಲೆಬಲೆಯಲ್ಲಿ ಹೀಗೆ ಉಂಡೆ ಆಗಲ್ಲ, ಮೈ ಹಾಗೇ ಒಣಗಿ ನೇತಾಡುತ್ತೆ. ಎರಡು ಬೇಟೆಗಾರರನ್ನು ಬೇರೆ ಮಾಡೋಕೆ ಎಂಜಲೂ ಸಾಕು.

ಬಿಡಿಸೋ ವಿಷಯ ಯಾರೂ ಎತ್ತಿಲ್ಲ, ಒಳ್ಳೇದಾಯ್ತು. ಕತ್ತಿಗೆ ಕಚ್ಚಿಸಿಕೊಂಡ ಮರಿಯನ್ನು ಬಿಡಿಸಿದರೂ ಅದು ಉಳಿಯೋದು ಕಷ್ಟ.

ಕಳಿಸೋವಾಗ ಜೀವಿಗಳ ಫೋಟೊ ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಅದೇ ಫೋಟೊಗಳನ್ನು ಜೇಡಕ್ಕೊಂದು, ಹಲ್ಲಿಗೊಂದು ಅಂತ ಎರಡು ದಾಖಲೆ ಮಾಡಿ ಒಂದರಲ್ಲಿ ಇನ್ನೊಂದರ ಕೊಂಡಿ ಕೊಡಿ, ಒಂದೇ ದಾಖಲೆ ಮಾಡಿದರೆ ಹಲ್ಲಿ ಹುಡುಕೋರ ಕಣ್ಣಿಗೆ ಅದು ಬೀಳೋದೇ ಇಲ್ಲ. ವಿವರದಲ್ಲಿ ಗಂಟೆ, ನೆಲದಿಂದ ಎತ್ತರ, ಗೋಡೆಯೋ ಮರವೋ, ಹತ್ತಿರ ಲೈಟ್ ಇತ್ತೋ ಇಲ್ಲವೋ, ಹಿಡಿದ ಗಳಿಗೆ ಕಂಡಿತೋ ಇಲ್ಲವೋ ಬರೆಯಿರಿ. ಜೋಗಿಮಟ್ಟಿ ಅಭಯಾರಣ್ಯದ ಒಳಗೆ ರಾತ್ರಿ ಹುಡುಕೋ ಆಸೆ ಇದ್ದರೆ ಮೊದಲು ಅರಣ್ಯ ಇಲಾಖೆ ಅನುಮತಿ. ಮತ್ತೆ ಮೂಲ ಫೋಟೊವನ್ನು ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, ತೆಗೆದ ಸಮಯ, ಜಾಗದ ಮಾಹಿತಿ ಅಳಿಸಿಹೋಗಿ ಕಣ್ಣಿನ ಸಾಲು ಎಣಿಸೋಕೂ ಆಗದಷ್ಟು ಕುಗ್ಗುತ್ತೆ. ಡಾಕ್ಯುಮೆಂಟ್ ಅಂತ ಲಗತ್ತಿಸಿ. ನೀವು ಹಾಕಿರೋ ನಾಲ್ಕನೇ ಫೋಟೊ ಮಬ್ಬಾಗಿರೋದಕ್ಕೂ ಅದೇ ಕಾರಣ ಇದ್ದ ಹಾಗಿದೆ, ಮೂಲ ಫೈಲ್ ಇದ್ದರೆ ಇಲ್ಲಿ ಹಾಕಿ, ಹೊಟ್ಟೆಯಡಿ ನೋಡಿ ಹೇಳೋಣ.